ಚಿತ್ತುಕಾಟಿನ ಪಕ್ಕದಲ್ಲಿ ಕೂತು

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತಿಗೆ ‘ಸೃಜನಶೀಲ ಬದುಕು’ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ಆ ಪದ ಕೇಳಿದರೆ ನನಗೆ ಸ್ವಲ್ಪ ಅಳುಕು. ನಾನು ದಿನದ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಬಣ್ಣ ಕಲಸುವವನು. ಮನಸ್ಸು ಬಂದರೆ ನಾಲ್ಕು ಸಾಲು ಗೀಚುವವನು. ಅದರಲ್ಲಿ ಹೆಚ್ಚಿನದು ಯಾರಿಗೂ ತೋರಿಸುವಂಥದ್ದಲ್ಲ. ಹಾಗಾಗಿ ಗೆದ್ದ ಚಿತ್ರಗಳ ಮಾತು ಬಿಟ್ಟು, ಕೆಟ್ಟ ಹಾಳೆಗಳ ಮಾತಾಡುತ್ತೇನೆ. ಒಂದು ಫೈಲಿನ ತುಂಬ ತಂದಿದ್ದೇನೆ, ಅಲ್ಲಿ ಮೇಜಿನ ಮೇಲಿದೆ.

ಚಿತ್ತುಕಾಟು ಅಂತ ನಮ್ಮಲ್ಲಿ ಒಂದು ಪದ ಇದೆ. ‘ಚಿತ್ತುಕಾಟು ಇಲ್ಲದೆ ಬರಿ’ ಅಂತ ಚಿಕ್ಕಂದಿನಲ್ಲಿ ಹೇಳಿಸಿಕೊಳ್ಳದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಪರೀಕ್ಷೆಗೆ ಅದು ಸರಿಯಾದ ಮಾತೇ. ಆದರೆ ಪರೀಕ್ಷೆಗಳೆಲ್ಲ ಮುಗಿದು ತಲೆ ನರೆತ ಮೇಲೂ ಆ ಮಾತು ಬೆನ್ನು ಬಿಡುವುದಿಲ್ಲ. ಆಸೆಯಿಂದ ಸ್ಕೆಚ್‌ಬುಕ್ ಕೊಂಡವರು ಅದರ ಮೊದಲ ಪುಟವನ್ನು ತಿಂಗಳುಗಟ್ಟಲೆ ಖಾಲಿ ಬಿಟ್ಟಿರುತ್ತಾರಲ್ಲ, ಅದಕ್ಕೆ ಕಾರಣ ಇದೇ. ನಾನಂತೂ ಹೊಸ ಪುಸ್ತಕವನ್ನು ನಡುವಿನ ಪುಟದಿಂದ ಶುರುಮಾಡುತ್ತೇನೆ. ಸ್ವಲ್ಪ ಕಳ್ಳತನದ ಉಪಾಯ, ಆದರೆ ಕೆಲಸ ಮಾಡುತ್ತದೆ.

ಚಿತ್ತುಕಾಟಿಲ್ಲದ ಬರಹದ ಅತಿ ದೊಡ್ಡ ಹೆಮ್ಮೆ ನಮ್ಮ ಕುಮಾರವ್ಯಾಸನದು. ಹಲಗೆ ಬಳಪ ಹಿಡಿಯದ ಅಗ್ಗಳಿಕೆ, ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ತನ್ನದು ಎನ್ನುತ್ತಾನೆ. ಓಲೆಗರಿಯ ಮೇಲೆ ಕಂಠ, ಅಂದರೆ ಬರೆಯುವ ಕಡ್ಡಿ, ಓಡುವ ಸದ್ದು ನಡುವೆ ನಿಲ್ಲಲೇ ಇಲ್ಲವಂತೆ. ಅವನು ಹೇಳಿದರೆ ನಾನು ನಂಬುತ್ತೇನೆ. ಆದರೆ ಆ ಮಾತಿನೊಳಗೇ ಇನ್ನೊಂದು ಸುದ್ದಿ ಇದೆ, ಗಮನಿಸಿ: ಉಳಿದ ಕವಿಗಳು ಹಲಗೆ ಬಳಪ ಹಿಡಿಯುತ್ತಿದ್ದರು, ಬರೆದು ಅಳಿಸುತ್ತಿದ್ದರು. ಇಲ್ಲದಿದ್ದರೆ ಅದು ಅಗ್ಗಳಿಕೆ ಹೇಗಾಗುತ್ತಿತ್ತು? ನಾವು ಆ ಉಳಿದವರ ಪೈಕಿ. ನಾಚಿಕೆ ಬೇಡ.

ಅಳಿಸುವವರಲ್ಲೂ ಘಟಾನುಘಟಿಗಳಿದ್ದಾರೆ. ರವೀಂದ್ರನಾಥ ಠಾಕೂರರು 1924ರಲ್ಲಿ, ತಮ್ಮ 63ನೇ ವಯಸ್ಸಿನಲ್ಲಿ, ಅರ್ಜೆಂಟೀನಾದಲ್ಲಿ ಕೆಲವು ವಾರ ಇರಬೇಕಾಗಿ ಬಂತು. ಆಗ ಬರೆಯುತ್ತಿದ್ದ ಕವಿತೆಗಳ ಹಸ್ತಪ್ರತಿಯಲ್ಲಿ, ಹೊಡೆದು ಹಾಕಿದ ಪದಗಳು ಪುಟದ ತುಂಬ ಅನಾಥವಾಗಿ ಬಿದ್ದಿದ್ದವು. ಅವರು ಒಂದು ಕಾಟನ್ನು ಇನ್ನೊಂದಕ್ಕೆ ಗೆರೆ ಎಳೆದು ಸೇರಿಸಿದರು, ಸುತ್ತ ಮಸಿ ತುಂಬಿದರು. ಅಲ್ಲಿಂದ ಕೊಕ್ಕು, ಕಣ್ಣು, ಹೆಸರಿಲ್ಲದ ಪ್ರಾಣಿಗಳು ಎದ್ದುಬಂದವು. ಠಾಕೂರರನ್ನು ಅಲ್ಲಿ ಉಳಿಸಿಕೊಂಡಿದ್ದ ಅರ್ಜೆಂಟೀನಾದ ಲೇಖಕಿ ವಿಕ್ಟೋರಿಯಾ ಒಕಾಂಪೊ ಅದನ್ನು ಕಂಡು ಬೆರಗಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಠಾಕೂರರ ಮೊದಲ ಚಿತ್ರಪ್ರದರ್ಶನ ನಡೆಯಿತು, ಅದರ ಹಿಂದೆ ಓಡಾಡಿದವರೂ ಒಕಾಂಪೊ ಅವರೇ. ಆಮೇಲೆ ಠಾಕೂರರು ಬಿಡಲಿಲ್ಲ. ಬಿಟ್ಟುಹೋದ ಚಿತ್ರಗಳು 2,000ಕ್ಕೂ ಹೆಚ್ಚು. ನೊಬೆಲ್ ಬಂದು ದಶಕ ಕಳೆದ ಕವಿಯೊಬ್ಬ, ತನಗೆ ಬೇಡವಾದ ಪದಗಳನ್ನು ಅಷ್ಟು ಹೊತ್ತು ನೋಡುತ್ತ ಕೂತಿದ್ದ ಎನ್ನುವುದೇ ನನಗೆ ಇದರಲ್ಲಿ ಇಷ್ಟ. ನಾವಾದರೆ ಪುಟ ಹರಿದು ಉಂಡೆ ಮಾಡಿ ಎಸೆದಿರುತ್ತಿದ್ದೆವು.

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ರೀತಿಯೇ ಬೇರೆ. ಆಕೆ ಬರೆದದ್ದು ಹತ್ತಿರ ಹತ್ತಿರ 1,800 ಕವಿತೆ. ಬದುಕಿದ್ದಾಗ ಅಚ್ಚಾದದ್ದು ಹತ್ತೋ ಏನೋ. ಅವನ್ನು ಶುದ್ಧಪ್ರತಿ ಮಾಡಿ, ಹಾಳೆ ಮಡಿಸಿ, ದಾರದಿಂದ ಹೊಲಿದು ಪುಟ್ಟ ಪುಟ್ಟ ಪುಸ್ತಕ ಕಟ್ಟಿ ಇಟ್ಟಿದ್ದಳು. 1886ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿಯ ಕೈಗೆ ಸಿಕ್ಕಿದವು. ಆ ಶುದ್ಧಪ್ರತಿಯಲ್ಲೂ ಎಷ್ಟೋ ಕಡೆ ಪದದ ಪಕ್ಕ ಒಂದು ಕೂಡುವ ಗುರುತು. ಕೆಳಗೆ ಅದರ ಬದಲಿಗೆ ಬರಬಹುದಾದ ಎರಡು ಮೂರು ಪದ. ಯಾವುದನ್ನೂ ಹೊಡೆದಿಲ್ಲ, ಯಾವುದನ್ನೂ ಆರಿಸಿಲ್ಲ. ಸಂಪಾದಕರಿಗೆ ತಲೆನೋವು, ನಿಜ. ಆದರೆ ಅಚ್ಚಿಗೆ ಅವಸರವಿಲ್ಲದವರಿಗೆ ಮಾತ್ರ ಸಿಗುವ ಸ್ವಾತಂತ್ರ್ಯ ಅದು. ಚಿತ್ರ ಒಣಗುವ ಮೊದಲೇ ಫೋಟೊ ಹಾಕಿ ಎಷ್ಟು ಲೈಕ್ ಬಂತು ಅಂತ ನೋಡುವವನಿಗೆ ಅದು ಸಿಗುವುದಿಲ್ಲ. ಇದನ್ನು ಆ ಚಾಳಿ ಇದ್ದವನಾಗಿಯೇ ಹೇಳುತ್ತಿದ್ದೇನೆ.

ಇನ್ನು ಜಲವರ್ಣ. ಇಲ್ಲಿ ಅಳಿಸುವ ಮಾತೇ ಇಲ್ಲ. ಬಣ್ಣ ಪಾರದರ್ಶಕ, ಬೆಳಕು ಬರುವುದು ಕೆಳಗಿನ ಬಿಳಿ ಕಾಗದದಿಂದ. ಬೆಳಕು ಬೇಕಾದ ಜಾಗವನ್ನು ಮೊದಲೇ ಖಾಲಿ ಬಿಡಬೇಕು. ಒಮ್ಮೆ ಮುಚ್ಚಿದಿರೋ, ಒದ್ದೆ ಕುಂಚದಿಂದ ಉಜ್ಜಿ ಎತ್ತಬಹುದು, ಆದರೆ ಮೊದಲಿನ ಬಿಳಿ ವಾಪಸು ಬರುವುದು ಅಪರೂಪ.

ಒಂದು ಬೇಸಿಗೆಯಿಡೀ ನಾನು ಒಂದೇ ವಸ್ತು ಬರೆದೆ: ಕಿಟಕಿಯ ಹಲಗೆಯ ಮೇಲೆ ನೀರು ತುಂಬಿದ ಗಾಜಿನ ಲೋಟ. ಅದರ ನೆರಳಿಗೆ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕಂದು ಬೆರೆಸುತ್ತಿದ್ದೆ. ಈ ಎರಡೂ ಸೇರಿದರೆ ಒಳ್ಳೆಯ ಬೂದು ಬರುತ್ತದೆ. ನೀಲಿ ಹೆಚ್ಚಾದರೆ ತಣ್ಣಗೆ, ಕಂದು ಹೆಚ್ಚಾದರೆ ಬೆಚ್ಚಗೆ. ನೆರಳು ಹಾಕಿ ಅರೆ ಒಣಗುವ ಹೊತ್ತಿಗೆ ‘ಇನ್ನೊಂಚೂರು’ ಅಂತ ಒದ್ದೆ ಕುಂಚ ತಾಗಿಸುತ್ತಿದ್ದೆ. ಅಷ್ಟೇ. ಹೊಸ ನೀರು ಅರೆ ಒಣಗಿದ ಬಣ್ಣವನ್ನು ಹೊರಗೆ ತಳ್ಳುತ್ತದೆ, ಬಣ್ಣದ ಕಣವೆಲ್ಲ ಅಂಚಿಗೆ ಹೋಗಿ ಸೇರಿ, ಹೂಕೋಸಿನ ಹಾಗೆ ಮುರುಕು ಮುರುಕು ಅಂಚಿನ ಕಲೆ ನಿಲ್ಲುತ್ತದೆ. ಬೈದುಕೊಂಡು ಹಾಳೆ ಫೈಲಿಗೆ ಸೇರಿಸುತ್ತಿದ್ದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು, ಹೊತ್ತು, ಆಗ ತಲೆಯಲ್ಲಿದ್ದ ಒಂದು ವಿಷಯ. ಇಷ್ಟು ಬರೆಯುವ ಅಭ್ಯಾಸ ಮಾತ್ರ ತಪ್ಪಿಸಲಿಲ್ಲ.

ತಿಂಗಳುಗಳಾದ ಮೇಲೆ ಹನ್ನೆರಡು ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆ. ಲೋಟದ ಮೇಲೆ ಒಂದೂ ಕಲೆ ಇಲ್ಲ. ಕಿಟಕಿಯ ಮೇಲಿಲ್ಲ. ಹನ್ನೆರಡರಲ್ಲೂ ಕಲೆ ಬಿದ್ದದ್ದು ನೆರಳಿನಲ್ಲೇ. ಹಿಂಬದಿ ತಿರುಗಿಸಿ ಓದಿದೆ: ‘ಫೋನು ಮಾಡಬೇಕಿತ್ತು, ಮಾಡಲಿಲ್ಲ.’ ‘ಅದೇ ಜಗಳ.’ ‘ಫೋನು.’ ಒಂದು ಚಿಕ್ಕ ಕತ್ತಲನ್ನೂ ಅದರ ಪಾಡಿಗೆ ಒಣಗಲು ಬಿಡದ ಮನುಷ್ಯ ನೆಲದ ಮೇಲೆ ಹನ್ನೆರಡು ಸಲ ಬಿದ್ದಿದ್ದ. ನನ್ನ ಬಗ್ಗೆ ಇಷ್ಟು ನೇರವಾಗಿ ನನ್ನ ದಿನಚರಿ ಯಾವತ್ತೂ ಹೇಳಿರಲಿಲ್ಲ. ದಿನಚರಿಯಲ್ಲಿ ನಾವು ಬಲು ಜಾಣರು; ಓದುವವರು ಯಾರೂ ಇಲ್ಲದಿದ್ದರೂ ನಮ್ಮ ಪರವಾಗಿಯೇ ವಾದಿಸುತ್ತಿರುತ್ತೇವೆ.

ಹಾಗಂತ ಬರೆದುಕೊಳ್ಳುವುದು ವ್ಯರ್ಥ ಎನ್ನುತ್ತಿಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ನಾಲ್ಕು ರಾತ್ರಿ, ದಿನಕ್ಕೆ 15 ನಿಮಿಷ ಬರೆಯಬೇಕು. ತಮ್ಮನ್ನು ಕಲಕಿದ ಘಟನೆಯನ್ನೂ ಆಗಿನ ಭಾವನೆಯನ್ನೂ ಸೇರಿಸಿ ಬರೆದವರು, ಮುಂದಿನ ಆರು ತಿಂಗಳಲ್ಲಿ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಹಗುರವಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ಬರೆದ ರಾತ್ರಿ ನಿದ್ದೆ ಬರದಿದ್ದರೆ ಅಭ್ಯಾಸವೇ ತಪ್ಪು ಅಂದುಕೊಂಡು ಬಿಟ್ಟುಬಿಡುವವರಿಗೆ ಈ ವಿವರ ಗೊತ್ತಿರಲಿ. ಭಾರ ದಿನಗಟ್ಟಲೆ ಇಳಿಯದಿದ್ದರೆ ಮಾತ್ರ ಕಾಗದ ಸಾಲದು, ಮನುಷ್ಯರ ಹತ್ತಿರ ಹೋಗಬೇಕು.

ಕವಿತೆಗೆ ಬರುತ್ತೇನೆ. ಹೊಸಬರಿಗೆ ಛಂದಸ್ಸು ಬೇಡ, ಮನಸ್ಸಿಗೆ ಬಂದದ್ದು ಬರೆಯಿರಿ ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಮನಸ್ಸಿಗೆ ಮೊದಲು ಬರುವುದು ಬೇರೆ ಯಾರೋ ಬಳಸಿ ಬಿಟ್ಟ ಪದ. ಅದನ್ನು ತಡೆದು ‘ನೀನು ಯಾರಪ್ಪ’ ಅಂತ ಕೇಳಲು ಬಾಗಿಲಲ್ಲಿ ಒಬ್ಬರು ಬೇಕು.

ನಾನು ಭಾಮಿನಿ ಷಟ್ಪದಿ ಹಿಡಿದೆ. ಆರು ಸಾಲಿನ ಪದ್ಯ; ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದ. ಒಂದು ಸಂಜೆ ಹೀಗೆ ಬರೆದೆ: ‘ಹಳೆಯ ದುಃಖ ಮರಳಿ ಬಂದಿದೆ’. ಗಟ್ಟಿಯಾಗಿ ಹೇಳಿದೆ, ಕುಂಟಿತು. ಬೆರಳು ಮಡಿಸಿ ಎಣಿಸಿದೆ. ‘ದುಃಖ’ ಮೂರೇ ಮಾತ್ರೆ, ಅಲ್ಲಿ ಬೇಕಾದದ್ದು ನಾಲ್ಕು. ‘ವೇದನೆ’ ನಾಲ್ಕು, ಆದರೆ ಅದು ನಾಟಕದ ಪದ, ನನ್ನ ಬಾಯಲ್ಲಿ ಬರುವುದಲ್ಲ. ಕೊನೆಗೆ ‘ಬೇಸರ’ ಹಾಕಿದೆ. ‘ಹಳೆಯ ಬೇಸರ ಮರಳಿ ಬಂದಿದೆ.’ ಸಾಲು ನಡೆಯಿತು. ನಡೆದ ಮೇಲೆ ಸುಮ್ಮನೆ ಕೂತೆ. ವರ್ಷಗಳಿಂದ ದುಃಖ ದುಃಖ ಅಂತ ಹೊತ್ತುಕೊಂಡು ಓಡಾಡಿದ್ದು ದುಃಖವಾಗಿರಲಿಲ್ಲ. ಒಬ್ಬರ ಮೇಲಿನ ಬೇಸರ, ಒಂದು ಫೋನಿನಲ್ಲಿ ಮುಗಿಯುವಂಥದ್ದು. ಒಂದು ಮಾತ್ರೆ ಕಡಿಮೆ ಬೀಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಆ ಸಾಲು ಬರೆದದ್ದು ಇಲ್ಲಿ, ಹನ್ನೆರಡನೆಯ ಲೋಟದ ಹಿಂಬದಿಯಲ್ಲಿ. ‘ದುಃಖ’ದ ಮೇಲೆ ಎರಡು ಗೀಟು ಇವೆ, ಇನ್ನೂ ಓದಲು ಬರುತ್ತದೆ. ಷಟ್ಪದಿ ಮುಗಿದಿಲ್ಲ. ಎರಡು ಸಾಲು ಆಗಿವೆ, ಉದ್ದದ ಮೂರನೆಯದು ಕೂರುತ್ತಿಲ್ಲ. ಫೋನು ಮಾಡಿದೆನೇ ಅಂತ ಕೇಳಬೇಡಿ.

ಫೈಲು ಮೇಜಿನ ಮೇಲೇ ಇರುತ್ತದೆ, ಬೇಕಾದವರು ತೆಗೆದು ನೋಡಿ. ಕೈ ಮಾತ್ರ ಒಣಗಿರಲಿ.