ಏನೂ ಆಗದೇ ಇರುವಾಗಲೇ ಮಾಡಿಸಬೇಕಾದ ಪರೀಕ್ಷೆ

[ನಿರೂಪಕಿ ಕ್ಯಾಮೆರಾ ಮುಂದೆ. ಕೈಯಲ್ಲಿ ಸಣ್ಣ ಬ್ರಷ್.]

ಇದು ಮಸ್ಕಾರ ಬ್ರಷ್ ಅಲ್ಲ. ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ ಇದೆಯಲ್ಲ, ಅಲ್ಲಿಂದ ಒಂದಿಷ್ಟು ಜೀವಕೋಶ ಸವರಿ ತೆಗೆಯುವ ಬ್ರಷ್. ಇದರ ಭಯಕ್ಕೆ ನಾನೇ ಎರಡು ಸಲ ಅಪಾಯಿಂಟ್‌ಮೆಂಟ್ ಮುಂದೂಡಿದ್ದೆ. ಆಗ ಕೊಟ್ಟ ನೆಪ: "ನನಗೇನೂ ಆಗಿಲ್ವಲ್ಲ!"

ಆದರೆ ಗರ್ಭಕಂಠದ ಕ್ಯಾನ್ಸರಿನ ಮುನ್ಸೂಚನೆ ಹುಡುಕುವ ಈ ಪರೀಕ್ಷೆ, ಪ್ಯಾಪ್ ಸ್ಮಿಯರ್, ಇರುವುದೇ ಏನೂ ಆಗದವರಿಗೆ.

[ಗ್ರಾಫಿಕ್: ವರ್ಷಗಳ ಉದ್ದನೆಯ ಗೆರೆ.]

ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚುಕಮ್ಮಿ ಯಾವಾಗಲೂ ಕಾರಣ ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಬರುತ್ತದೆ, ತುಂಬಾ ಜನರಿಗೆ ಬರುತ್ತದೆ, ನಾಚಿಕೆಪಡುವಂಥದ್ದೇನಿಲ್ಲ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಅಲ್ಲೇ ಠಿಕಾಣಿ ಹೂಡುತ್ತದೆ. ಹಾಗೆ ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇನ್ನೂ ಬೇಗ. ಅಷ್ಟು ವರ್ಷವೂ ನೋವಿಲ್ಲ, ಸುಳಿವಿಲ್ಲ. ಬ್ರಷ್ ಬೇಕಾಗಿರುವುದು ಆ ಸುಮ್ನಿರೋ ಕಾಲದಲ್ಲೇ.

ಪ್ಯಾಪ್ ಅನ್ನುವುದು ಒಂದು ಹೆಸರಿನ ತುಂಡು. ಜಾರ್ಜ್ ಪಾಪನಿಕೊಲಾವ್ ಗ್ರೀಸ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಗಿನಿಪಿಗ್‌ಗಳ ಜೀವಕೋಶ ನೋಡುತ್ತಿದ್ದ ವೈದ್ಯ. ಹೆಂಗಸರಿಂದ ಸವರಿ ತೆಗೆದ ಜೀವಕೋಶಗಳಲ್ಲೇ ಕ್ಯಾನ್ಸರ್ ಗುರುತಿಸಬಹುದು ಅಂತ 1928ರಲ್ಲಿ ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1943ರಲ್ಲಿ ಪುಸ್ತಕ ಬಂದ ಮೇಲೆ ಮಾತು ಬದಲಾಯಿತು. ಆತನ ಹೆಂಡತಿ ಮೇರಿ ಎಷ್ಟೋ ವರ್ಷ ತನ್ನದೇ ಮಾದರಿ ಕೊಡುತ್ತಾ ಬಂದಳು. ಪರೀಕ್ಷೆಗೆ ಆಕೆಯ ಹೆಸರೇ ಇಡಬೇಕಿತ್ತು ಅನ್ನಿಸುತ್ತೆ ನನಗೆ.

[ಕ್ಲೋಸಪ್: ಸ್ಪೆಕ್ಯುಲಮ್.]

ಒಳಗೆ ನಡೆಯುವುದಿಷ್ಟು. ಮಂಡಿ ಮಡಚಿ ಮಲಗುತ್ತೀರಿ. ಬಾತುಕೋಳಿ ಕೊಕ್ಕಿನಂಥ ಈ ಸ್ಪೆಕ್ಯುಲಮ್ ಒಳಗೆ ಹೋಗಿ ನಿಧಾನಕ್ಕೆ ಅಗಲವಾಗುತ್ತದೆ. ತಣ್ಣಗೆ ಅನ್ನಿಸಬಹುದು, ಒತ್ತಿದ ಹಾಗಾಗಬಹುದು. ಬ್ರಷ್ ಕೆಲವು ಸುತ್ತು ತಿರುಗುತ್ತದೆ, ಮುಟ್ಟಿನ ಹೊಟ್ಟೆನೋವಿನ ಹಾಗೆ ಒಂದು ಸೆಳೆತ, ಅಷ್ಟರಲ್ಲಿ ಮುಗೀತು. ಕೆಲವೇ ನಿಮಿಷ. ನೋವಾದರೆ "ನಿಲ್ಲಿಸಿ" ಅನ್ನಿ. ಚಿಕ್ಕ ಸೈಜಿನ ಸ್ಪೆಕ್ಯುಲಮ್ ಕೇಳಿ. ಮಹಿಳಾ ಡಾಕ್ಟರೇ ಬೇಕು ಅಂತಲೂ ಕೇಳಬಹುದು. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಎರಡು ದಿನ ಮುಂಚಿನಿಂದ ಸಂಭೋಗ ಬೇಡ, ಯೋನಿಗೆ ಹಾಕುವ ಔಷಧಿಯೂ ಬೇಡ.

ಎಷ್ಟು ದಿನಕ್ಕೊಮ್ಮೆ? ಪ್ಯಾಪ್ ಆದರೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ. ಶುರುಮಾಡುವ ವಯಸ್ಸು ಕೆಲವು ದೇಶಗಳಲ್ಲಿ 21, ಕೆಲವು ಕಡೆ 25. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆಯಾದರೆ 30 ವರ್ಷದಿಂದ, 5ರಿಂದ 10 ವರ್ಷಕ್ಕೊಮ್ಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರೂ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

[ಗ್ರಾಫಿಕ್: ಉದ್ದನೆಯ ಟೆಸ್ಟ್ ಪಟ್ಟಿ.]

ಒಂದು ಮಾತು. ಫುಲ್ ಬಾಡಿ ಚೆಕಪ್ ಅಂತ ಅರವತ್ತು ಎಪ್ಪತ್ತು ಟೆಸ್ಟ್ ಇರುತ್ತವಲ್ಲ, ದುಡ್ಡು ಕಟ್ಟುವ ಮೊದಲು ಪಟ್ಟಿ ಓದಿ. ಎಷ್ಟೋ ಸಲ ಎಲ್ಲವೂ ರಕ್ತದ್ದೇ, ಪ್ಯಾಪ್ ಇರುವುದೇ ಇಲ್ಲ. ಬಿ.ಪಿ., ಶುಗರ್, ಹಿಮೋಗ್ಲೋಬಿನ್ ಬೇಕೇ ಬೇಕು. ಬಿ.ಪಿ. ನೋಡುವಾಗ ತೋಳಿನ ಬಟ್ಟೆ ಸರಿಸಿ, ಐದು ನಿಮಿಷ ಕೂತ ಮೇಲೆ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ, ಗರ್ಭಿಣಿಯಲ್ಲದ ಹೆಂಗಸಿಗೆ ಅದು ರಕ್ತಹೀನತೆ. "ಸುಸ್ತು ಮಾಮೂಲಿ" ಅಂತ ಬಿಡಬೇಡಿ. ಬಸಿರಿನಲ್ಲಿ ಶುಗರ್ ಬಂದಿತ್ತಾ? ಹೆರಿಗೆ ಆಗಿ ಎಷ್ಟೇ ವರ್ಷವಾಗಿದ್ದರೂ ಡಾಕ್ಟರಿಗೆ ಹೇಳಿ. ನಲವತ್ತು ದಾಟಿದ್ದರೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ ಬಗ್ಗೆ ಕೇಳಿ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇದ್ದಿದ್ದರೆ ಇನ್ನೂ ಮುಂಚೆ.

ಇನ್ನು ವಯಸ್ಸಾಗಿ ಮುಟ್ಟು ಪೂರ್ತಿ ನಿಂತುಹೋದ ಮೇಲೆ ರಕ್ತ ಕಂಡರೆ, ಒಂದೇ ಹನಿಯಾದರೂ, ಚೆಕಪ್ ಸರದಿಗೆ ಕಾಯಬೇಡಿ. ಸಂಭೋಗದ ನಂತರ ರಕ್ತ ಕಂಡರೂ ಅಷ್ಟೇ.

ಪ್ಯಾಪ್ ರಿಪೋರ್ಟಿನಲ್ಲಿ "ಅಬ್‌ನಾರ್ಮಲ್" ಅಂತ ಬಂದರೆ? ಎದೆ ಧಸಕ್ ಅನ್ನುತ್ತೆ, ಗೊತ್ತು. ಬಹಳಷ್ಟು ಸಲ ಅದು ಕ್ಯಾನ್ಸರ್ ಅಲ್ಲ. ಕೆಲವರಿಗೆ ಪರೀಕ್ಷೆ ಮತ್ತೊಮ್ಮೆ, ಕೆಲವರಿಗೆ ಕಾಲ್ಪೊಸ್ಕೋಪಿ. ಗರ್ಭಕಂಠಕ್ಕೆ ವಿನೆಗರ್‌ನಂಥದೇ ತೆಳು ಆಮ್ಲ ಸವರಿ, ಭೂತಗನ್ನಡಿ ಥರದ ಯಂತ್ರದಲ್ಲಿ ನೋಡುತ್ತಾರೆ. ಕೆಟ್ಟಿರುವ ಜಾಗ ಬೆಳ್ಳಗೆ ತಿರುಗುತ್ತದೆ. ಕ್ಯಾನ್ಸರ್ ಆಗುವ ಮೊದಲೇ ಅದನ್ನು ತೆಗೆದುಹಾಕಬಹುದು. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ.

[ಬ್ರಷ್ ಮೇಜಿನ ಮೇಲೆ. ಫೇಡ್ ಔಟ್.]