ಹಚ್ಚುವುದು ಆಮೇಲೆ, ಮೊದಲು ತಿಕ್ಕುವುದು ನಿಲ್ಲಿಸಿ

ನಮಸ್ಕಾರ ಎಲ್ಲರಿಗೂ. ಕರಾವಳಿಯಲ್ಲಿ ಚಳಿಗಾಲ ಎಲ್ಲಿದೆ ಮಾರಾಯ್ರೆ ಅಂತ ಘಟ್ಟದ ಮೇಲಿನವರು ಕೇಳುತ್ತಾರೆ. ಇದೆ. ಡಿಸೆಂಬರ್ ಕೊನೆಗೆ ಬೆಳಿಗ್ಗೆ ಎದ್ದು ತೆಂಗಿನೆಣ್ಣೆ ಬಾಟಲಿ ನೋಡಿ, ಹೆಪ್ಪುಗಟ್ಟಿರುತ್ತದೆ. 24 ಡಿಗ್ರಿಗಿಂತ ಕೆಳಗೆ ಹೋದರೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಉಡುಪಿಯಲ್ಲೂ ಮಂಗಳೂರಲ್ಲೂ ರಾತ್ರಿ 20, 21ರ ಹತ್ತಿರ ಇಳಿದಿರುತ್ತದೆ.

ಆದರೆ ನಮ್ಮ ಕೈಕಾಲು ಬಿರಿಯುವುದಕ್ಕೆ ಈ ತಂಪಿಗಿಂತ ಜಾಸ್ತಿ ಕಾರಣ ಗಾಳಿ. ಮಳೆಗಾಲದಲ್ಲಿ ಸಮುದ್ರದಿಂದ ಒದ್ದೆ ಗಾಳಿ ಬರುತ್ತಾ ಇರುತ್ತದೆ. ಈಗ ರಾತ್ರಿಯಿಂದ ಬೆಳಗಿನ ತನಕ ಘಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಶುರುವಾಯಿತೋ, ಮತ್ತೆ ಬೆವರು, ಮತ್ತೆ 33 ಡಿಗ್ರಿ. ಬೆಳಿಗ್ಗೆ ಮೈ ಬಿಗಿ, ಮಧ್ಯಾಹ್ನ ಮೈ ಅಂಟು. ಹಿಮ ಬೀಳುವ ದೇಶದವರು ಮಾಡಿದ ವಿಡಿಯೋ ನೋಡಿ ದಪ್ಪ ಕ್ರೀಮ್ ಮೆತ್ತಿಕೊಂಡರೆ ನಮಗೆ ಮಧ್ಯಾಹ್ನದ ಹೊತ್ತಿಗೆ ಮುಖವೆಲ್ಲಾ ಜಿಡ್ಡು.

ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ವಿಷಯ. ಚಳಿಗಾಲದಲ್ಲಿ ಚರ್ಮಕ್ಕೆ ಏನು ಹಚ್ಚಬೇಕು ಅಂತ ಎಲ್ಲರೂ ಕೇಳುತ್ತೀರಿ. ಚರ್ಮದಿಂದ ದಿನಾ ಏನು ತೊಳೆದು ತೆಗೆಯುತ್ತಿದ್ದೀರಿ ಅಂತ ಮೊದಲು ನೋಡಿ.

ಚರ್ಮದ ಮೇಲಿನ ಪದರ ಬಹಳ ತೆಳು. ಅದರಲ್ಲಿ ಸತ್ತ ಕಣಗಳು ಒಂದರ ಮೇಲೆ ಒಂದು ಕೂತಿರುತ್ತವೆ, ಅವುಗಳ ನಡುವೆ ಕೊಬ್ಬು ತುಂಬಿರುತ್ತದೆ. ಕೆಂಪು ಕಲ್ಲಿನ ಗೋಡೆಯಲ್ಲಿ ಕಲ್ಲು ಕಲ್ಲಿನ ನಡುವೆ ಗಾರೆ ಇರುತ್ತದಲ್ಲ, ಹಾಗೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಆ ಕೊಬ್ಬೇ. ಅದು ಹೋದರೆ ನೀರೂ ಹೋಗುತ್ತದೆ. ಮೊದಲು ಬಿಳಿ ಗೆರೆ, ಆಮೇಲೆ ತುರಿಕೆ, ಆಮೇಲೆ ಬಿರುಕು.

ಈಗ ನಮ್ಮ ಸ್ನಾನದ ಕತೆ ನೋಡುವ. ಇಲ್ಲಿ ಸೆಕೆಗೆ ದಿನಕ್ಕೆ ಎರಡು ಸಲ ಮೀಯುವ ಅಭ್ಯಾಸ ಎಲ್ಲರಿಗೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಅದು ಬೇಕೇ ಬೇಕು. ಆದರೆ ಜನವರಿಯಲ್ಲೂ ಎರಡು ಸಲ, ಎರಡು ಸಲವೂ ತಲೆಯಿಂದ ಕಾಲಿನವರೆಗೆ ಸೋಪು, ಅದೂ ಹಂಡೆಯಿಂದ ಹೊಗೆಯಾಡುವ ನೀರು ತೋಡಿ ತೋಡಿ ಸುರಿದುಕೊಳ್ಳುವುದು. ತೆಂಗಿನ ಸಿಪ್ಪೆ, ಮಡಲು ಉರಿಸಿ ಕಾಯಿಸಿದ ಬಚ್ಚಲ ನೀರಿನ ಸುಖ ನನಗೂ ಗೊತ್ತು. ಅದು ಬೇಡ ಅಂತ ಹೇಳಲು ನನಗೂ ಮನಸ್ಸಿಲ್ಲ. ಆದರೆ ಎಣ್ಣೆಪಸೆಯ ಪಾತ್ರೆಯನ್ನು ತಣ್ಣೀರಲ್ಲಿ ತೊಳೆದು ನೋಡಿ, ಬಿಸಿನೀರಲ್ಲಿ ತೊಳೆದು ನೋಡಿ, ಯಾವುದರಲ್ಲಿ ಜಿಡ್ಡು ಬೇಗ ಬಿಡುತ್ತದೆ? ಮೈಯ ಮೇಲೂ ಅದೇ ಆಗುವುದು. ನೀರು ಉಗುರು ಬೆಚ್ಚಗೆ ಇದ್ದರೆ ಸಾಕು. ಹತ್ತು ನಿಮಿಷದ ಒಳಗೆ ಸ್ನಾನ ಮುಗಿಸಿ.

ಸೋಪಿನದ್ದು ಬೇರೆ ಲೆಕ್ಕ. ನಮ್ಮ ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಪಿಎಚ್ ಲೆಕ್ಕದಲ್ಲಿ ಸುಮಾರು 5. ಸಾಮಾನ್ಯ ಸೋಪು 9, 10ರ ಹತ್ತಿರ ಇರುತ್ತದೆ, ಅಂದರೆ ಪೂರ್ತಿ ಕ್ಷಾರ. ಗ್ರಾಮೀಣ, ಗಿಡಮೂಲಿಕೆ, ಕೈಯಿಂದ ಮಾಡಿದ್ದು ಅಂತ ಚಂದದ ಕಾಗದದಲ್ಲಿ ಸುತ್ತಿ ಮಾರುವ ಸೋಪೂ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿಯೇ ಆಗುವುದು, ಅದೂ ಕ್ಷಾರವೇ. ಹಾಗಾಗಿ ಚಳಿಗಾಲದಲ್ಲಿ ಸೋಪು ಬೇಕಾದ್ದು ಕಂಕುಳಿಗೆ, ತೊಡೆಸಂದಿಗೆ, ಪಾದಕ್ಕೆ. ಮಣ್ಣಾದಲ್ಲಿ, ಬೆವರು ನಿಲ್ಲುವಲ್ಲಿ ಮಾತ್ರ. ಕೈ, ಕಾಲು, ಬೆನ್ನಿಗೆ ದಿನಾ ಬೇಡ. ಕೊಳೆಯಾಗುವುದಿಲ್ಲವಾ ಅಂತ ಕೇಳುತ್ತೀರಿ, ಆಗುವುದಿಲ್ಲ. ಎಸಿ ಆಫೀಸಿನಲ್ಲಿ ಕೂತು ಬಂದ ಮೊಣಕೈಯಲ್ಲಿ ಸೋಪು ಹಾಕಿ ತಿಕ್ಕುವಷ್ಟು ಕೊಳೆ ಇರುವುದಿಲ್ಲ. ನೀರು ಸಾಕು.

ಇಲ್ಲಿಯೇ ನಮ್ಮ ಹಿರಿಯರ ಕ್ರಮದ ಬಗ್ಗೆ ನನಗೆ ತುಂಬಾ ಗೌರವ. ದೀಪಾವಳಿಗೆ ಹಂಡೆಗೆ ನೀರು ತುಂಬಿ, ನಸುಕಿಗೆ ಎದ್ದು ಎಣ್ಣೆ ಹಚ್ಚಿ ಮೀಯುವುದು ಇದೆಯಲ್ಲ, ಅದು ಬರುವುದು ಸರಿಯಾಗಿ ಮಳೆ ಹೋಗಿ ಒಣಗಾಳಿ ಶುರುವಾಗುವ ಹೊತ್ತಿಗೆ. ಮೊದಲು ಎಣ್ಣೆ, ಆಮೇಲೆ ನೀರು. ಎಣ್ಣೆ ಮೇಲೆ ಕೂತಿದ್ದರೆ ಬಿಸಿನೀರು ಚರ್ಮದ ಸ್ವಂತ ಜಿಡ್ಡನ್ನು ಅಷ್ಟು ಸುಲಭದಲ್ಲಿ ಎಳೆಯುವುದಿಲ್ಲ. ಎಣ್ಣೆ ತೆಗೆಯಲು ಸೋಪಿನ ಬದಲು ಕಡಲೆ ಹಿಟ್ಟು ಅಥವಾ ಹೆಸರು ಹಿಟ್ಟು. ಹಿಟ್ಟು ಹೆಚ್ಚಿನ ಎಣ್ಣೆಯನ್ನು ಹೀರಿಕೊಂಡು ಹೋಗುತ್ತದೆ, ಸ್ವಲ್ಪ ಮೈಯಲ್ಲೇ ಬಿಡುತ್ತದೆ. ಆ ಸ್ವಲ್ಪವೇ ನಮಗೆ ಬೇಕಾದ್ದು. ವರ್ಷಕ್ಕೆ ಒಂದು ದಿನ ಹಬ್ಬಕ್ಕೆ ಮಾಡಿ ಬಿಡುವ ಬದಲು ಫೆಬ್ರವರಿ ತನಕ ವಾರಕ್ಕೆ ಒಮ್ಮೆ ಮಾಡಿ ಅಂತ ನನ್ನ ಒತ್ತಾಯ.

ಎಣ್ಣೆಯಿಂದ ಮುಖ ಸ್ವಚ್ಛ ಆಗುತ್ತದಾ ಅಂತ ಅನುಮಾನ ಇದ್ದವರು ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ನೋಡಿ. ನವೆಂಬರಿನಿಂದ ಮೇ ತನಕ ಮೇಳದ ಕಲಾವಿದರು ರಾತ್ರಿ ರಾತ್ರಿ ಬಣ್ಣ ಹಚ್ಚುತ್ತಾರೆ. ಆಟ ಮುಗಿದ ಮೇಲೆ ಆ ಬಣ್ಣ ತೆಗೆಯುವುದು ತೆಂಗಿನೆಣ್ಣೆಯಿಂದ. ಜಿಡ್ಡಿನ ಬಣ್ಣ ಜಿಡ್ಡಿಗೆ ಬಿಡುತ್ತದೆ. ಆರು ತಿಂಗಳು ಬಣ್ಣ ಹಚ್ಚಿ, ಪ್ರತಿ ದಿನ ಸೋಪಿನಿಂದಲೇ ಉಜ್ಜಿ ತೆಗೆಯುತ್ತಿದ್ದರೆ ಆ ಮುಖಗಳ ಗತಿ ಏನಾಗುತ್ತಿತ್ತು ಹೇಳಿ.

ಸರಿ, ಈಗ ಹಚ್ಚುವ ವಿಷಯಕ್ಕೆ ಬರುವ. ತುಂಬಾ ಜನ ಮೈ ಪೂರ್ತಿ ಒಣಗಿದ ಮೇಲೆ, ಬಟ್ಟೆ ಹಾಕಿ, ತಿಂಡಿ ತಿಂದು, ಹೊರಡುವ ಮೊದಲು ಎಣ್ಣೆಯೋ ಲೋಷನ್ನೋ ಹಚ್ಚುತ್ತಾರೆ. ಎಣ್ಣೆಯಲ್ಲಿ ನೀರಿಲ್ಲ. ಅದು ಇದ್ದ ನೀರನ್ನು ಹೋಗದಂತೆ ತಡೆಯುತ್ತದೆ, ಅಷ್ಟೇ. ಒಣಗಿದ ಮೇಲೆ ಹಚ್ಚಿದರೆ ತಡೆಯಲು ಏನಿದೆ? ಬೈರಾಸಿನಿಂದ ಮೈಯನ್ನು ತಿಕ್ಕಬೇಡಿ, ಸುಮ್ನೆ ಒತ್ತಿ ಒರೆಸಿ. ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ, ಬಚ್ಚಲಿನಿಂದ ಹೊರಗೆ ಬರುವ ಮೊದಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿ. ಅಂಗೈಗೆ ಕೆಲವೇ ಹನಿ ಹಾಕಿ ಉಜ್ಜಿ, ಒದ್ದೆ ಕೈಕಾಲಿಗೆ ಸವರಿದರೆ ತೆಳುವಾಗಿ ಹರಡುತ್ತದೆ, ಮಧ್ಯಾಹ್ನ ಅಂಟುವುದೂ ಇಲ್ಲ.

ತೆಂಗಿನೆಣ್ಣೆ 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿದ್ದು ನೆನಪಿದೆ ಅಲ್ವಾ? ಆ ದರದಲ್ಲೂ ಒಂದು ಚಹಾ ಚಮಚಕ್ಕೆ, ಅಂದರೆ 5 ಎಂಎಲ್‌ಗೆ, ಬೀಳುವುದು 2 ರೂಪಾಯಿ. ಎರಡೂ ಕೈ, ಎರಡೂ ಕಾಲಿಗೆ ಅಷ್ಟು ಧಾರಾಳ ಸಾಕು. ಪರಿಚಯದ ಗಾಣದಿಂದ ತಂದ ಎಣ್ಣೆ, ಸುಗಂಧ ಏನೂ ಸೇರಿಸದ್ದು, ಅದೇ ನನ್ನ ಆಯ್ಕೆ. ಇದು ಅಜ್ಜಿ ಮದ್ದು ಅಂತ ಸುಮ್ನೆ ಹೊಗಳುವುದಲ್ಲ. ಒಣಚರ್ಮ ಇದ್ದವರ ಮೇಲೆ ತೆಂಗಿನೆಣ್ಣೆಯನ್ನೂ ಮಿನರಲ್ ಆಯಿಲನ್ನೂ ಹೋಲಿಸಿದ ಒಂದು ಪರೀಕ್ಷೆಯ ಫಲಿತಾಂಶ 2004ರಲ್ಲೇ ಪ್ರಕಟವಾಗಿದೆ, ಎರಡೂ ಕೆಲಸ ಮಾಡಿದವು. ಹಾಗೆಯೇ ಡಬ್ಬಿಯ ಪೆಟ್ರೋಲಿಯಂ ಜೆಲ್ಲಿ ಬಳಸುವವರನ್ನು ದಯವಿಟ್ಟು ಬೈಯಬೇಡಿ. ನೀರು ತಡೆಯುವುದರಲ್ಲಿ ಅದು ಎಣ್ಣೆಗಿಂತ ಗಟ್ಟಿ, ತುಟಿಗೆ ನಾನೂ ಅದನ್ನೇ ಹೇಳುತ್ತೇನೆ.

ಈಗ ಕರಾವಳಿಯವರಿಗೇ ಅಂತ ಒಂದು ಮಾತು, ಇದನ್ನು ದಯವಿಟ್ಟು ಕಿವಿಗೊಟ್ಟು ಕೇಳಿ. ಬೆನ್ನಲ್ಲಿ, ಎದೆಯಲ್ಲಿ, ಕುತ್ತಿಗೆಯಲ್ಲಿ ಬಿಳಿ ಬಿಳಿ ಕಲೆ ಎದ್ದು, ಕೆರೆದರೆ ಸಣ್ಣ ಹೊಟ್ಟು ಉದುರುತ್ತದಲ್ಲ, ಚಿಬ್ಬು, ಅದು ಒಣಚರ್ಮ ಅಲ್ಲ. ಅದು ಒಂದು ಬಗೆಯ ಶಿಲೀಂಧ್ರ, ಬೆವರು ಮತ್ತು ಜಿಡ್ಡು ಇದ್ದಲ್ಲಿ ಬೆಳೆಯುತ್ತದೆ, ಕೊಬ್ಬೇ ಅದರ ಆಹಾರ. ಅದರ ಮೇಲೆ ಎಣ್ಣೆ ಹಚ್ಚಿದರೆ ಊಟ ಬಡಿಸಿದಂತೆಯೇ ಆಯಿತು. ತಲೆಹೊಟ್ಟಿಗೂ ಅದೇ ಜಾತಿಯದ್ದು ಕಾರಣ, ಹಾಗಾಗಿ ಹೊಟ್ಟು ಉದುರುತ್ತದೆ ಅಂತ ರಾತ್ರಿಯಿಡೀ ತಲೆಗೆ ಎಣ್ಣೆ ಇಟ್ಟುಕೊಂಡು ಮಲಗುವುದು ಬೇಡ. ಮೊಡವೆ ಏಳುವ ಮುಖಕ್ಕೂ ತೆಂಗಿನೆಣ್ಣೆ ಆಗುವುದಿಲ್ಲ, ರಂಧ್ರ ಮುಚ್ಚುತ್ತದೆ. ಅಂಥವರು ಗ್ಲಿಸರಿನ್‌ಗೆ ಗುಲಾಬಿ ನೀರು ಬೆರೆಸಿ ತೆಳು ಮಾಡಿ ಒದ್ದೆ ಮುಖಕ್ಕೆ ಹಚ್ಚಿದರೆ ಸಾಕು.

ಮನೆಯಲ್ಲಿ ಇದ್ದದ್ದೆಲ್ಲಾ ಚರ್ಮಕ್ಕೆ ಒಳ್ಳೆಯದು ಅಂತ ಹೇಳುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಲಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ಆ ಕಲೆ ಹೋಗಲು ತಿಂಗಳುಗಟ್ಟಲೆ ಬೇಕು. ನಮ್ಮ ಊರಿನ ಜನವರಿ ಬಿಸಿಲು ಕಡಿಮೆಯದ್ದಲ್ಲ. ಅಡುಗೆ ಸೋಡಾ ಬೇಡವೇ ಬೇಡ. ಲೋಳೆಸರ ಒಳ್ಳೆಯದು, ಆದರೆ ಎಲೆ ಕೊಯ್ದ ಮೇಲೆ ಬರುವ ಹಳದಿ ರಸ ಪೂರ್ತಿ ಸೋರಿ ಹೋಗಲಿ, ತುರಿಕೆ ಎಬ್ಬಿಸುವುದು ಅದು. ಲೋಳೆಯಲ್ಲಿ ಇರುವುದು ಹೆಚ್ಚು ಕಡಿಮೆ ಪೂರ್ತಿ ನೀರು, ಹಚ್ಚಿ ಹಾಗೇ ಬಿಟ್ಟರೆ ಒಣಗಿ ಬಿಗಿಯುತ್ತದೆ. ಮೇಲಿಂದ ಎರಡು ಹನಿ ಎಣ್ಣೆ ಬೇಕು. ಹಸುಗೂಸಿಗೆ ಎಣ್ಣೆ ಹಚ್ಚಿ ಮೀಯಿಸುವುದು ಚಂದ, ಆದರೆ ಮೈಯ ಕೂದಲು ಹೋಗಲಿ ಅಂತ ಕಡಲೆ ಹಿಟ್ಟು ಹಾಕಿ ತಿಕ್ಕುವುದನ್ನು ನಿಲ್ಲಿಸಿ. ಆ ಕೂದಲು ತಾನಾಗಿ ಉದುರುತ್ತದೆ, ಕೆಂಪಾದ ಮೈಯ ಉರಿಯನ್ನು ಮಗು ಬಾಯಿಬಿಟ್ಟು ಹೇಳಲಾರದು.

ಅಂದ ಹಾಗೆ, ನೀರು ಜಾಸ್ತಿ ಕುಡಿದರೆ ಚರ್ಮ ಒಣಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬಾಯಾರಿಕೆಗೆ ಬೇಕಾದಷ್ಟು ಕುಡಿಯಿರಿ. ಹೊರಗಿನ ಗೋಡೆ ಸರಿಯಿಲ್ಲದಿದ್ದರೆ ಕುಡಿದದ್ದು ಚರ್ಮದಲ್ಲಿ ನಿಲ್ಲುವುದಿಲ್ಲ.

ಇಲ್ಲಿಂದ ಬೆಂಗಳೂರಿಗೆ ಓದಲು, ಕೆಲಸಕ್ಕೆ ಹೋದ ಮಕ್ಕಳು ಮೊದಲ ಡಿಸೆಂಬರಿನಲ್ಲೇ ಫೋನ್ ಮಾಡಿ ಮೈ ಬಿರಿಯುತ್ತದೆ ಅನ್ನುತ್ತಾರೆ. ಅಲ್ಲಿ ಮಧ್ಯಾಹ್ನ ಒದ್ದೆ ಮಾಡುವ ಸಮುದ್ರದ ಗಾಳಿ ಇಲ್ಲ. ಅಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹಚ್ಚಿ, ಎಣ್ಣೆ ಸಾಲದಿದ್ದರೆ ಕ್ರೀಮಿಗೆ ಹೋಗಿ.

ಇನ್ನು ಹಿಮ್ಮಡಿ. ಬೇಸಿಗೆಯಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆ ಒಣಗಿಸಿ ಸಾರಿಗೆ, ಶರಬತ್ತಿಗೆ ಇಟ್ಟುಕೊಳ್ಳುತ್ತೇವೆ, ಬೀಜ ಮಾತ್ರ ಹಿತ್ತಿಲಿಗೆ ಎಸೆಯುತ್ತೇವೆ. ಆ ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲಿ ಬರುವ ಕೊಬ್ಬೇ ಮುರುಗಲ ತುಪ್ಪ. ತಣಿದ ಮೇಲೆ ಮೇಣದಷ್ಟು ಗಟ್ಟಿ, ಬೆರಳ ಬಿಸಿಗೆ ನಿಧಾನ ಮೆತ್ತಗಾಗುತ್ತದೆ. ಗಟ್ಟಿ ಇರುವುದರಿಂದಲೇ ಹಿಮ್ಮಡಿಯ ಬಿರುಕಿನಲ್ಲಿ ತೆಂಗಿನೆಣ್ಣೆಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಇಂಥ ವಸ್ತು ನಮ್ಮ ಹಿತ್ತಿಲಲ್ಲಿದೆ, ನಾವು ಅದನ್ನು ಮರೆಯುತ್ತಿದ್ದೇವೆ ಅನ್ನುವುದು ನನಗೆ ಬೇಸರದ ಸಂಗತಿ. ಮೇ ತಿಂಗಳಲ್ಲಿ ಬೀಜ ಎತ್ತಿಡಿ, ಅಥವಾ ಮಾಡಿ ಮಾರುವವರಿಂದ ತನ್ನಿ, ಒಂದು ಉಂಡೆ ಇಡೀ ಚಳಿಗಾಲಕ್ಕೆ ಬರುತ್ತದೆ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಇವತ್ತು ರಾತ್ರಿ ಅವರ ಕಾಲು ನೋಡಿ. ವಯಸ್ಸಾದಂತೆ ಚರ್ಮದ ಎಣ್ಣೆ ಗ್ರಂಥಿಗಳು ನಿಧಾನ ಆಗುತ್ತವೆ, ಮೊಣಕಾಲಿನ ಕೆಳಗೆ ಅವು ಮೊದಲೇ ಕಡಿಮೆ. ಅದಕ್ಕೇ ರಾತ್ರಿ ಕಾಲು ಕೆರೆದುಕೊಂಡು ಅವರಿಗೆ ನಿದ್ದೆ ಇರುವುದಿಲ್ಲ, ಕೇಳಿದರೆ ಏನಿಲ್ಲ ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದವರ ಹಿಮ್ಮಡಿ ಬಿರಿದು ರಕ್ತ ಬರುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಅವರಿಗೆ ಗೊತ್ತಾಗುವುದಿಲ್ಲ. ತುರಿಕೆ ವಾರಗಟ್ಟಲೆ ನಿಲ್ಲದಿದ್ದರೂ ಹಾಗೆಯೇ, ಮೆಡಿಕಲ್‌ನಲ್ಲಿ ಕೇಳಿ ತಂದ ಟ್ಯೂಬ್ ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ದಿನಾ ಹಚ್ಚಿ ಹಚ್ಚಿ ಚರ್ಮ ಇನ್ನೂ ತೆಳುವಾಗುತ್ತದೆ.

ಬರೀ ಒಣಗಿದ ಕಾಲಾದರೆ ಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಡಿಸಿ, ಬೆರಳ ಸಂದಿ ಚೆನ್ನಾಗಿ ಒರೆಸಿ, ಸಂದಿ ಬಿಟ್ಟು ಉಳಿದ ಕಡೆ ಎಣ್ಣೆ ಸವರಿ, ಹಿಮ್ಮಡಿಗೆ ಮುರುಗಲ ತುಪ್ಪ ಹಚ್ಚಿ. ಅವರು ಹಾಸಿಗೆಯಲ್ಲಿ ಕೂತ ಮೇಲೆಯೇ ಹಚ್ಚಿ, ಮೇಲಿಂದ ಹತ್ತಿಯ ಸಾಕ್ಸ್ ಹಾಕಿಸಿ. ರಾತ್ರಿ ಎದ್ದರೆ ಸಾಕ್ಸ್ ಬಿಚ್ಚಿ, ಕಾಲು ಒರೆಸಿ, ಚಪ್ಪಲಿ ಹಾಕಿಯೇ ನೆಲಕ್ಕೆ ಇಳಿಯಲು ಹೇಳಿ. ಎಣ್ಣೆ ಕಾಲು ಟೈಲ್ಸ್ ಮೇಲೆ ಜಾರುತ್ತದೆ, ಬರೀ ಸಾಕ್ಸ್ ಕೂಡ ಜಾರುತ್ತದೆ.