ಸುಖೋಯ್ ಕೊಳ್ಳುವಾಗ ಕೊನೆಯ ಅಕ್ಷರ

ಶ್ರೋತೃಗಳಿಗೆ ನಮಸ್ಕಾರ.

ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ, ಬೆಂಗಳೂರಿನ ಉತ್ತರ ಭಾಗದ ಮನೆಗಳಲ್ಲಿ ಬಟ್ಟೆ ಒಣಹಾಕಲು ತಾರಸಿಗೆ ಹೋದವರು ಬಕೆಟ್ ಮರೆತು ಆಕಾಶ ನೋಡುತ್ತ ನಿಂತುಬಿಡುತ್ತಾರೆ. ಅವರನ್ನು ಹಾಗೆ ನಿಲ್ಲಿಸುವ ವಿಮಾನಗಳಲ್ಲಿ ನಮ್ಮ ವಾಯುಪಡೆಯ ಸುಖೋಯ್-30 ಎಂಕೆಐಗೆ ಮುಖ್ಯ ಸ್ಥಾನವಿದೆ. ಅದರ ಪ್ಲಾಸ್ಟಿಕ್ ಮಾದರಿಯನ್ನು ಮನೆಯಲ್ಲಿ ಜೋಡಿಸಬೇಕೆಂದು ಹೊರಟವರು ಯಾವ ಕಿಟ್ ಕೊಳ್ಳಬೇಕು, ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ ಎಂಬುದನ್ನು, ಹಲವು ವರ್ಷಗಳಿಂದ ಮಲ್ಲೇಶ್ವರದ ಮನೆಯ ಹಿಂದಿನ ಕೋಣೆಯಲ್ಲಿ ಇದೇ ಕೆಲಸದಲ್ಲಿ ಬೆರಳು ಕುಯ್ದುಕೊಂಡಿರುವ ಅನುಭವದಿಂದ ಹೇಳಲು ಬಯಸುತ್ತೇನೆ.

ಮೊದಲು ಅಳತೆಯ ವಿಚಾರ. ವಿಮಾನದ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 72ರಲ್ಲಿ ಒಂದು ಮತ್ತು 48ರಲ್ಲಿ ಒಂದು ಎಂಬ ಎರಡು ಪ್ರಮಾಣಗಳು. ಅಡಿ, ಅಂಗುಲಗಳ ಕಾಲದ ಲೆಕ್ಕ ಇದು. ಮೊದಲನೆಯದರಲ್ಲಿ ಆರು ಅಡಿ ಒಂದು ಅಂಗುಲವಾಗುತ್ತದೆ, ಎರಡನೆಯದರಲ್ಲಿ ಒಂದು ಅಡಿ ಕಾಲು ಅಂಗುಲವಾಗುತ್ತದೆ. ನಿಜವಾದ ಸುಖೋಯ್ ಸುಮಾರು 21.9 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 14.7 ಮೀಟರ್ ಅಗಲ. ಅದನ್ನು 72ರಿಂದ ಭಾಗಿಸಿದರೆ ಉದ್ದ ಸುಮಾರು 30 ಸೆಂಟಿಮೀಟರ್, ಅಂದರೆ ಶಾಲೆಯ ಮಕ್ಕಳ ಉದ್ದನೆಯ ಅಡಿಪಟ್ಟಿಯಷ್ಟು. 48ರಿಂದ ಭಾಗಿಸಿದರೆ 46 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ನಗರದ ಎರಡು ಕೋಣೆಯ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಶೋಕೇಸಿನಲ್ಲಿ ಎರಡನೆಯದನ್ನು ಇಡಲು ಹೋದರೆ ಮನೆಯವರ ಒಪ್ಪಿಗೆ ಬೇಕಾಗುತ್ತದೆ. ಆದ್ದರಿಂದ ನನ್ನ ಮಾತು ಮುಖ್ಯವಾಗಿ ಚಿಕ್ಕ ಪ್ರಮಾಣದ ಕಿಟ್‌ಗಳ ಕುರಿತದ್ದು.

ನಾನು ಮೊದಲು ಕೊಂಡ ಪೆಟ್ಟಿಗೆ ಚೀನಾದ ಟ್ರಂಪೀಟರ್ ಸಂಸ್ಥೆಯ ಸುಖೋಯ್-30 ಎಂಕೆಕೆ. ನಗರದ ಅಂಗಡಿಯೊಂದರಲ್ಲಿ "ನಮ್ಮ ಸುಖೋಯ್ ಇದೆಯೇ" ಎಂದು ಕೇಳಿದಾಗ ಅಲ್ಲಿದ್ದವರು ಅದನ್ನೇ ತೆಗೆದುಕೊಟ್ಟರು. ನಾನೂ 30 ಎಂಬ ಅಂಕಿಯನ್ನಷ್ಟೇ ನೋಡಿ ತಂದೆ. ಕಾಕ್‌ಪಿಟ್ ಮುಗಿಸಿ, ಒಡಲಿನ ಮೇಲರ್ಧ ಕೆಳಗರ್ಧಗಳನ್ನು ಅಂಟಿಸಿ, ಕಾಕ್‌ಪಿಟ್ಟಿನ ಹಿಂದೆ ಎರಡು ಕಡೆ ಚಾಚಿಕೊಂಡಿರಬೇಕಾದ ಕ್ಯಾನಾರ್ಡ್ ಎಂಬ ಪುಟ್ಟ ರೆಕ್ಕೆಗಳನ್ನು ಹುಡುಕಿದರೆ ಪೆಟ್ಟಿಗೆಯಲ್ಲಿ ಅವು ಇರಲೇ ಇಲ್ಲ. ಭಾಗವೊಂದು ಬಿಟ್ಟುಹೋಗಿದೆ ಎಂದುಕೊಂಡು ಪ್ಲಾಸ್ಟಿಕ್ ಚೌಕಟ್ಟುಗಳನ್ನೆಲ್ಲ ತಿರುವಿಹಾಕಿದೆ; ಕಸದ ಬುಟ್ಟಿಯನ್ನೂ ಸುರಿದು ನೋಡಿದೆ. ಕಿಟ್‌ನಲ್ಲಿ ತಪ್ಪೇನೂ ಇರಲಿಲ್ಲ. ಎಂಕೆಕೆ ವಿಮಾನಕ್ಕೆ ಕ್ಯಾನಾರ್ಡ್‌ಗಳೇ ಇಲ್ಲ.

ಈ ಹೆಸರುಗಳ ಕೊನೆಯ ಅಕ್ಷರ ವಿಮಾನವನ್ನು ಕೊಂಡ ದೇಶವನ್ನು ಹೇಳುತ್ತದೆ. ಎಂಕೆಐ ಎಂಬುದರ ಐ ರಷ್ಯನ್ ಭಾಷೆಯಲ್ಲಿ ಭಾರತವನ್ನು ಸೂಚಿಸಿದರೆ, ಎಂಕೆಕೆ ಎಂಬುದರ ಕಡೆಯ ಕೆ ಕಿತಾಯ್, ಅಂದರೆ ಚೀನಾವನ್ನು ಸೂಚಿಸುತ್ತದೆ. ಎರಡೂ ಎರಡು ಆಸನದ ವಿಮಾನಗಳೇ, ದೂರದಿಂದ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. ಹತ್ತಿರ ಹೋದರೆ ಚೀನಾದ ವಿಮಾನದ ಬಾಲದ ಎರಡು ಲಂಬ ರೆಕ್ಕೆಗಳ ನೆತ್ತಿ ಅಡಿಪಟ್ಟಿ ಇಟ್ಟು ಕುಯ್ದ ಹಾಗೆ ಸಪಾಟು. ನಮ್ಮದರ ಲಂಬ ರೆಕ್ಕೆಗಳ ಮುಂದಿನ ಮೂಲೆ ಓರೆಯಾಗಿ ಕತ್ತರಿಸಿದಂತಿದೆ. ನಮ್ಮದರ ಎಂಜಿನ್ನಿನ ನಾಝಲ್‌ಗಳು, ಅಂದರೆ ಬಿಸಿಗಾಳಿ ಹೊರಬೀಳುವ ಹಿಂಬಾಯಿಗಳು, ಹೊರಳುತ್ತವೆ, ಅದರ ನಾಝಲ್‌ಗಳು ಹೊರಳುವುದಿಲ್ಲ. ಕ್ಯಾನಾರ್ಡ್ ಮಾತ್ರವೇ ವ್ಯತ್ಯಾಸವಾಗಿದ್ದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಅಂಟಿಸಬಹುದಿತ್ತು. ಹೆಬ್ಬೆರಳಿನ ತುದಿಯಷ್ಟೇ ಗಾತ್ರದ ತುಂಡು ಅದು. ಬಾಲವನ್ನೂ ಹೊಸದಾಗಿ ಮಾಡಬೇಕೆಂದಾಗ ಕೈಬಿಟ್ಟೆ. ಎಂಕೆಕೆ ಮಾಡಬೇಕೆಂದೇ ಹೊರಟವರಿಗೆ ಆ ಕಿಟ್ ಸರಿಯಾದ ಆಯ್ಕೆ. ಅದೇ ಸಂಸ್ಥೆ 32ರಲ್ಲಿ ಒಂದು ಪ್ರಮಾಣದಲ್ಲೂ, ಹಾಬಿ ಬಾಸ್ ಎಂಬ ಸಂಸ್ಥೆ 48ರಲ್ಲಿ ಒಂದು ಪ್ರಮಾಣದಲ್ಲೂ ಎಂಕೆಕೆಯನ್ನು ತಂದಿವೆ. ದೊಡ್ಡ ಪೆಟ್ಟಿಗೆ ಕೊಂಡರೆ ವಿಮಾನ ಬದಲಾಗುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಹಾಗಾದರೆ ಎಂಕೆಐ ಮಾಡುವವರು ಯಾವುದನ್ನು ಕೊಳ್ಳಬೇಕು? ರಷ್ಯಾದ ಜ್ವೆಜ್ದಾ ಸಂಸ್ಥೆಯ ಸುಖೋಯ್-30 ಎಸ್‌ಎಂ ಕಿಟ್ ನನ್ನ ಆಯ್ಕೆ. ಇದಕ್ಕೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಭಾರತದ ಬೇಡಿಕೆಯಂತೆ ರೂಪುಗೊಂಡ ಎಂಕೆಐ 2002ರ ಸೆಪ್ಟೆಂಬರಿನಲ್ಲಿ ಪುಣೆಯ ಲೋಹೆಗಾಂವ್ ನೆಲೆಯಲ್ಲಿ ನಮ್ಮ ವಾಯುಪಡೆಗೆ ಸೇರಿತು. ಬಳಿಕ ಎಚ್‌ಎಎಲ್ ತನ್ನ ನಾಸಿಕ್ ಘಟಕದಲ್ಲಿ ಅದನ್ನು ತಯಾರಿಸತೊಡಗಿತು. ರಷ್ಯಾ ತನ್ನ ಸ್ವಂತ ವಾಯುಪಡೆಗೆಂದು ಅದೇ ವಿಮಾನವನ್ನು ಆಧಾರವಾಗಿಟ್ಟು ಮಾಡಿಕೊಂಡ ಎಸ್‌ಎಂ ಮೊದಲು ಹಾರಿದ್ದು 2012ರಲ್ಲಿ. ಹೀಗಾಗಿ ಪೆಟ್ಟಿಗೆಯ ಮೇಲೆ ಭಾರತದ ಹೆಸರಿಲ್ಲದಿದ್ದರೂ ಒಳಗಿರುವ ಆಕಾರ ನಮ್ಮ ವಿಮಾನದ್ದೇ: ಕ್ಯಾನಾರ್ಡ್ ಇದೆ, ಓರೆಯಾಗಿ ಕತ್ತರಿಸಿದ ಬಾಲವಿದೆ, ಮೂಗಿನ ಕೆಳಗೆ ಜೋಡಿ ಚಕ್ರವಿದೆ. ಎರಡು ಆಸನದ ಸುಖೋಯ್-27 ಯುಬಿ ಕಿಟ್ ಇಟ್ಟುಕೊಂಡು ಇದನ್ನು ಮಾಡಿಬಿಡಬಹುದು ಎಂದು ಹೇಳುವವರಿದ್ದಾರೆ. ಆ ವಿಮಾನದ ಮೂಗಿನ ಕೆಳಗಿರುವುದು ಒಂದೇ ಚಕ್ರ. ಆ ದಾರಿ ಹಿಡಿದರೆ ಕೆಲಸ ಅಲ್ಲಿಂದಲೇ ಹೆಚ್ಚುತ್ತ ಹೋಗುತ್ತದೆ.

ಕಿಟ್‌ಗಳನ್ನು ಹೋಲಿಸುವವರು ಒಡಲ ಮೇಲಿನ ಗೀರುಗಳ ಬಗ್ಗೆ, ಅಂದರೆ ಲೋಹದ ಹಾಳೆಗಳು ಸೇರುವ ಕಡೆ ಕೊರೆದಿರುವ ಗೆರೆಗಳ ಬಗ್ಗೆ ಬಹಳ ಮಾತಾಡುತ್ತಾರೆ. ಗೆರೆ ಆಳವಾಗಿ, ಎದ್ದು ಕಾಣುವಂತಿದ್ದರೆ ಅದನ್ನೇ ಹೊಗಳುವುದೂ ಇದೆ. ನನಗದು ಒಪ್ಪಿಗೆಯಿಲ್ಲ. 0.3 ಮಿಲಿಮೀಟರ್ ಅಗಲದ ಗೆರೆಯನ್ನು 72ರಿಂದ ಗುಣಿಸಿದರೆ 21 ಮಿಲಿಮೀಟರ್ ದಾಟುತ್ತದೆ. ಎರಡು ಬೆರಳು ತೂರುವಷ್ಟು ಸಂದುಗಳಿರುವ ವಿಮಾನವನ್ನು ಯಾರೂ ಹಾರಿಸುವುದಿಲ್ಲ. ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತು ಸಂಗ್ರಹಾಲಯಕ್ಕೆ ಹೋಗಿ, 1961ರಲ್ಲಿ ಈ ಊರಿನಲ್ಲಿಯೇ ಮೊದಲು ಹಾರಿದ ಮಾರುತ್ ವಿಮಾನವನ್ನು ಹತ್ತಡಿ ದೂರದಿಂದ ನೋಡಿದರೆ ಲೋಹದ ಸಂದು ಕಣ್ಣಿಗೆ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂಬುದು ತಿಳಿಯುತ್ತದೆ. ಗೆರೆ ಸಣ್ಣದಾಗಿರುವ ಕಿಟ್ಟನ್ನೇ ಆರಿಸಿ, ಬಣ್ಣವನ್ನು ತೆಳುವಾಗಿ ಹಚ್ಚಬೇಕು. ದಪ್ಪಗೆ ಬಳಿದರೆ ಸಣ್ಣ ಗೆರೆ ಮುಚ್ಚಿಹೋಗುತ್ತದೆ. ಆ ತಪ್ಪು ಕಿಟ್ಟಿನದಲ್ಲ.

ಇನ್ನು ಸುಖೋಯ್ ಮಾಡುವವರೆಲ್ಲ ಸಾಮಾನ್ಯವಾಗಿ ಎದುರಿಸುವ ಒಂದು ತೊಡಕನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಿಮಾನದ ಕ್ಯಾನಪಿ, ಅಂದರೆ ಪೈಲಟ್‌ಗಳ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಬೋರಲು ಹಾಕಿದ ಮಡಕೆಯ ಹಾಗೆ ನಡುವೆ ಉಬ್ಬಿ ಬುಡದಲ್ಲಿ ಕಿರಿದಾಗುತ್ತದೆ. ಮೇಲೊಂದು ಕೆಳಗೊಂದು ಎಂಬ ಎರಡೇ ಹೋಳಿನ ಅಚ್ಚಿನಿಂದ ಇಂಥ ಆಕಾರ ಬಿಡಿಸಿಕೊಂಡು ಬರುವುದಿಲ್ಲ. ಆದ್ದರಿಂದ ಅಚ್ಚನ್ನು ಎಡಕ್ಕೂ ಬಲಕ್ಕೂ ತೆರೆಯುವಂತೆ ಮಾಡುತ್ತಾರೆ. ಆ ಹೋಳುಗಳು ಕೂಡಿದ ಗುರುತು ಮುಚ್ಚಳದ ನಡುನೆತ್ತಿಯಲ್ಲಿ ಕೂದಲೆಳೆಯಂಥ ಏಣಾಗಿ ಉಳಿಯುತ್ತದೆ. ಆಕಾರವನ್ನು ಸರಿಯಾಗಿ ಹಿಡಿದ ಕಿಟ್‌ನಲ್ಲಿಯೇ ಈ ಏಣು ಇರುತ್ತದೆ. ಏಣಿಲ್ಲದೆ ಫಳಫಳಿಸುವ ಮುಚ್ಚಳ ಕಂಡರೆ, ಬುಡದ ಕಡೆ ಅದು ಕಿರಿದಾಗಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಏಣನ್ನು ತೆಗೆಯಲು ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ಸಾಕು. 1000ದ ಕಾಗದವನ್ನು ನೀರಿನಲ್ಲಿ ಅದ್ದಿ ಏಣಿನ ಮೇಲಷ್ಟೇ ಉಜ್ಜಿದಾಗ ಮುಚ್ಚಳ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಎದೆ ಧಸಕ್ಕೆನ್ನುತ್ತದೆ. ಗಾಬರಿಯಾಗದೆ 1500, 2000 ಎಂದು ನಯವಾದ ಕಾಗದಕ್ಕೆ ಹೋಗಿ, ಕೊನೆಯಲ್ಲಿ ಹಲ್ಲುಜ್ಜುವ ಪೇಸ್ಟನ್ನು ಹಳೆಯ ಬನಿಯನ್ ಬಟ್ಟೆಗೆ ಹಚ್ಚಿ ತಿಕ್ಕಿದರೆ ಗಾಜಿನ ಹೊಳಪು ಮರಳಿ ಬರುತ್ತದೆ. ನನಗೆ ಒಂದು ಮುಚ್ಚಳಕ್ಕೆ ಎರಡು ಸಂಜೆ ಹಿಡಿಯಿತು. ವಿಮಾನಕ್ಕೆ ಹಲ್ಲುಜ್ಜಿಸಿ ಆಯಿತೇ ಎಂದು ನನ್ನ ಸೊಸೆ ಕೇಳಿದಳು.

ನಾಝಲ್‌ಗಳನ್ನು ಅಂಟಿಸುವಾಗಲೂ ಯೋಚಿಸಬೇಕು. ಎಂಕೆಐಯ ನಾಝಲ್‌ಗಳು 15 ಡಿಗ್ರಿಯಷ್ಟು ಮೇಲಕ್ಕೂ ಕೆಳಕ್ಕೂ ಹೊರಳಬಲ್ಲವು. ಅವು ಹೊರಳುವ ಜಾಡು ನೆಟ್ಟಗಿರದೆ ಎರಡು ಪಕ್ಕಕ್ಕೂ ಓರೆಯಾಗಿದೆ. ಎಂಜಿನ್ ಆರಿಸಿ ನಿಲ್ಲಿಸಿದ ಮೇಲೆ ಹೈಡ್ರಾಲಿಕ್ ಒತ್ತಡ ಇಳಿದು ಅವು ಸಾಮಾನ್ಯವಾಗಿ ಕೆಳಕ್ಕೆ ಜೋಲುತ್ತವೆ. ಚಕ್ರ ಇಳಿಸಿ ನೆಲದ ಮೇಲೆ ನಿಲ್ಲಿಸುವ ಮಾದರಿಯಲ್ಲಿ ನಾಝಲ್‌ಗಳನ್ನು ನೆಟ್ಟಗೆ ಅಂಟಿಸಿದರೆ ವಿಮಾನ ಬಿಗಿದುಕೊಂಡು ನಿಂತಂತೆ ಕಾಣುತ್ತದೆ.

ರಷ್ಯಾದ ಪೆಟ್ಟಿಗೆಯಲ್ಲಿ ಬರುವ ಡೆಕಾಲ್, ಅಂದರೆ ಅಂಟಿಸುವ ಗುರುತುಗಳ ಹಾಳೆಯಲ್ಲಿ ಕೆಂಪು ನಕ್ಷತ್ರಗಳಿರುತ್ತವೆ. ನಡುವೆ ಹಸಿರು, ಸುತ್ತ ಬಿಳಿ, ಹೊರಗೆ ಕೇಸರಿ ಇರುವ ನಮ್ಮ ಚಕ್ರದ ಗುರುತನ್ನು ಬೇರೆಯಾಗಿಯೇ ಕೊಳ್ಳಬೇಕು. ಅದನ್ನು ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಹೊಡೆಯಬೇಕು. ಈ ಕೆಲಸಕ್ಕೆ ಬೆಂಗಳೂರಿನ ಮಳೆಗಾಲದ ಸಂಜೆ ತಕ್ಕದ್ದಲ್ಲ. ಗಾಳಿಯ ತೇವ ಹಿಡಿದು ವಾರ್ನಿಷ್ ಹಾಲಿನ ಕೆನೆಯಂತೆ ಬಿಳಿಚಿಕೊಳ್ಳುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊಡೆಯುವುದು ನನ್ನ ರೂಢಿ.

ನನ್ನ ಎಸ್‌ಎಂ ಕಿಟ್ ಈಗ ನಮ್ಮ ವಾಯುಪಡೆಯ ಬೂದುಬಣ್ಣ ಹೊದ್ದು ಎಂಕೆಐ ಆಗಿ ನಿಂತಿದೆ. ಒಡಲ ಕೆಳಗಿನ ಜಾಗ ಮಾತ್ರ ಇನ್ನೂ ಖಾಲಿ. 2017ರ ನವೆಂಬರಿನಲ್ಲಿ ಎಂಕೆಐಯಿಂದ ಮೊದಲ ಬಾರಿ ಉಡಾಯಿಸಿದ, ಎರಡೂವರೆ ಟನ್ ತೂಕದ ಬ್ರಹ್ಮೋಸ್ ಕ್ಷಿಪಣಿ ರಷ್ಯಾದ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹಳೆಯ ಬಾಲ್‌ಪೆನ್ನಿನ ಕೊಳವೆಯೊಂದು ಆ ಅಳತೆಗೆ ಹತ್ತಿರ ಬಂದಿದೆ. ಅದರ ಮೂಗನ್ನು ಅರದಿಂದ ಉಜ್ಜಿ ಚೂಪು ಮಾಡುತ್ತಿದ್ದೇನೆ. ಕ್ಷಿಪಣಿಯ ರೆಕ್ಕೆಗಳನ್ನು, ಅರ್ಧಕ್ಕೆ ನಿಂತ ಆ ಎಂಕೆಕೆ ಪೆಟ್ಟಿಗೆಯಲ್ಲಿ ಉಳಿದ ಪ್ಲಾಸ್ಟಿಕ್ಕಿನಿಂದ ಕತ್ತರಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ನಮಸ್ಕಾರ.